ನವ್ ಶಪೆಲ್: ಒಂದು ಫ್ರೆಂಚ್ ಹಳ್ಳಿಯಲ್ಲಿ ನಮ್ಮವರ ಹೆಸರುಗಳು

ಫ್ರಾನ್ಸ್ ಪ್ರವಾಸವೆಂದರೆ ನಮ್ಮವರ ಪಾಲಿಗೆ ಸಾಮಾನ್ಯವಾಗಿ ಪ್ಯಾರಿಸ್ ನಗರ, ಐಫೆಲ್ ಗೋಪುರ, ಲೂವ್ರ್ ಸಂಗ್ರಹಾಲಯ. ಹೆಚ್ಚೆಂದರೆ ವರ್ಸೇಲ್ಸ್ ಅರಮನೆ. ಆದರೆ ಆ ದೇಶದ ಉತ್ತರದ ಅಂಚಿನಲ್ಲಿ, ಬೆಲ್ಜಿಯಂ ಗಡಿಯಿಂದ ತುಸುವೇ ದೂರದಲ್ಲಿ, ಭಾರತೀಯರಾದವರು ಒಮ್ಮೆಯಾದರೂ ನೋಡಬೇಕಾದ ಪುಟ್ಟ ಹಳ್ಳಿಯೊಂದಿದೆ. ಅದರ ಹೆಸರು ನವ್ ಶಪೆಲ್. ಹೊಸ ಪ್ರಾರ್ಥನಾ ಮಂದಿರ ಎಂದು ಇದರ ಅರ್ಥ. ಇಲ್ಲಿನ ‘ನವ್’ ಎಂಬ ಪದ ನಮ್ಮ ‘ನವ’ ಶಬ್ದದ ದೂರದ ಬಂಧುವೇ ಎಂಬುದನ್ನು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಆದರೆ ಆ ಊರಿಗೂ ನಮಗೂ ಇರುವ ನಂಟು ಶಬ್ದದ್ದಷ್ಟೇ ಅಲ್ಲ, ರಕ್ತದ್ದು.

ಲಿಲ್ ಮಹಾನಗರದಿಂದ ನೈಋತ್ಯಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಪಾ-ದ-ಕಾಲೆ ಜಿಲ್ಲೆಯಲ್ಲಿ ಈ ಊರಿದೆ. ಸುತ್ತಲೂ ಅಂಗೈಯಂತೆ ಸಮತಟ್ಟಾದ ಹೊಲಗಳು. ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್ ಬೆಳೆಗಳು. ಕೆಂಪು ಇಟ್ಟಿಗೆಯ ಮನೆಗಳು. ಸ್ವಲ್ಪ ಅಗೆದರೆ ನೀರು ಒಸರುವ ನೆಲ. ಪೂರ್ವದಿಕ್ಕಿನಲ್ಲಿ ಓಬೇರ್ ಎಂಬ ದಿಬ್ಬವಿದೆ. ಮಲೆನಾಡಿನ ಗುಡ್ಡಗಳನ್ನು ಕಂಡವರು ಅದನ್ನು ದಿಬ್ಬವೆಂದೂ ಕರೆಯಲಾರರು. ಆದರೆ ಅಂಥ ಬಯಲಿನಲ್ಲಿ ಕೆಲವೇ ಮೀಟರ್ ಎತ್ತರವೂ ಶತ್ರುವಿಗೆ ಕಣ್ಣಾಗುತ್ತದೆ. ಆ ಎತ್ತರಕ್ಕಾಗಿಯೇ 1915ರಲ್ಲಿ ಸಾವಿರಾರು ಜೀವಗಳು ಇಲ್ಲಿ ಮಣ್ಣಾದವು.

1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷರ ಬಳಿ ಸಿದ್ಧವಾಗಿದ್ದ ಸೈನ್ಯ ಚಿಕ್ಕದು. ಕೊರತೆ ತುಂಬಲು ಭಾರತದಿಂದ ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳನ್ನು ಹಡಗು ಹತ್ತಿಸಿದರು. ಸೆಪ್ಟೆಂಬರ್ ಕೊನೆಯ ವಾರದಿಂದ ಅವರು ಮಾರ್ಸೇಯ್ ಬಂದರಿನಲ್ಲಿ ಇಳಿಯತೊಡಗಿದರು. ಗಢವಾಲಿಗಳು, ಸಿಖ್ಖರು, ಪಠಾಣರು, ಡೋಗ್ರಾಗಳು, ಗೂರ್ಖಾಗಳು, ಪಂಜಾಬಿ ಮುಸಲ್ಮಾನರು ಅವರಲ್ಲಿದ್ದರು. ಬಹುಪಾಲು ಎಲ್ಲರೂ ರೈತಾಪಿ ಮಕ್ಕಳು. ಕಂದಕಗಳ ಯುದ್ಧವಾಗಲಿ, ಫ್ಲಾಂಡರ್ಸಿನ ಚಳಿ ಮತ್ತು ಕೆಸರಾಗಲಿ ಅವರಿಗೆ ಹೊಸತು. ಯುದ್ಧ ಮುಗಿಯುವುದರೊಳಗೆ ಈ ಪಶ್ಚಿಮ ರಣರಂಗಕ್ಕೆ ಸೈನಿಕರು, ಕೂಲಿಯಾಳುಗಳು ಸೇರಿ ಸುಮಾರು 1,40,000 ಭಾರತೀಯರು ಬಂದುಹೋದರು.

1915ರ ಮಾರ್ಚ್ 10ರ ಬೆಳಿಗ್ಗೆ 7.30ಕ್ಕೆ ನವ್ ಶಪೆಲ್ ಮೇಲೆ ಫಿರಂಗಿಗಳ ಮಳೆ ಸುರಿಯಿತು. ಮೂವತ್ತೈದು ನಿಮಿಷಗಳ ಬಳಿಕ ಕಾಲಾಳುಗಳು ಮುನ್ನುಗ್ಗಿದರು. ಒಂದು ಪಕ್ಕದಲ್ಲಿ ಬ್ರಿಟಿಷ್ ಪಡೆ, ಇನ್ನೊಂದು ಪಕ್ಕದಲ್ಲಿ ಭಾರತೀಯ ಪಡೆ. ವಿಮಾನದಿಂದ ತೆಗೆದ ಛಾಯಾಚಿತ್ರಗಳ ಆಧಾರದ ಮೇಲೆ ಶತ್ರುಗಳ ಕಂದಕಗಳ ನಕ್ಷೆಯನ್ನು ಮೊದಲೇ ಸಿದ್ಧಪಡಿಸಿ ಸೈನ್ಯಕ್ಕೆ ಹಂಚಲಾಗಿತ್ತು. ಅಂದೇ ಹಳ್ಳಿ ವಶವಾಯಿತು. ಆದರೆ ಮುಂದಿನ ಆಜ್ಞೆ ತಲುಪಲು ಗಂಟೆಗಟ್ಟಲೆ ತಡವಾಯಿತು, ಫಿರಂಗಿಯ ಮದ್ದುಗುಂಡು ಮುಗಿಯುತ್ತ ಬಂತು, ಜರ್ಮನರು ಹೊಸ ಪಡೆಗಳನ್ನು ತಂದು ನಿಲ್ಲಿಸಿದರು. ಮಾರ್ಚ್ 13ಕ್ಕೆ ಕಾಳಗ ನಿಂತಾಗ ಓಬೇರ್ ದಿಬ್ಬ ಜರ್ಮನರ ಕೈಯಲ್ಲಿಯೇ ಉಳಿದಿತ್ತು. ಭಾರತೀಯ ಪಡೆಯೊಂದರಲ್ಲಿಯೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು.

ಅಂದು ಮಡಿದವರಲ್ಲಿ ಗಢವಾಲ್ ರೈಫಲ್ಸಿನ ಗಬರ್ ಸಿಂಗ್ ನೇಗಿಯೂ ಒಬ್ಬ. ಹಿಮಾಲಯದ ತಪ್ಪಲಿನ ಟೆಹರಿ ಸೀಮೆಯವನು. ಇಪ್ಪತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಶತ್ರುಗಳ ಕಂದಕಕ್ಕೆ ನುಗ್ಗಿದ ತುಕಡಿಯಲ್ಲಿ ಪ್ರತಿಯೊಂದು ತಿರುವನ್ನೂ ಎಲ್ಲರಿಗಿಂತ ಮೊದಲು ದಾಟಿದವನು ಅವನೇ. ಎದುರಾಳಿಗಳು ಶರಣಾದರು, ಅವನು ಉಳಿಯಲಿಲ್ಲ. ಮರಣಾನಂತರ ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತು. ಅವನ ಊರು ಚಂಬಾದಲ್ಲಿ ಏಪ್ರಿಲ್ ತಿಂಗಳಲ್ಲಿ ಅವನ ನೆನಪಿನ ಜಾತ್ರೆ ನಡೆಯುತ್ತದೆ.

ಈ ಸಿಪಾಯಿಗಳು ಮನೆಗೆ ಬರೆದ, ಬರೆಯಿಸಿದ ಕಾಗದಗಳನ್ನು ಸೈನ್ಯದ ಅಧಿಕಾರಿಗಳು ಒಡೆದು ಓದಿ, ಅನುವಾದಿಸಿ ವರದಿ ಮಾಡುತ್ತಿದ್ದರು. ಆ ಬೇಹುಗಾರಿಕೆಯ ದೆಸೆಯಿಂದಲೇ ಅವರ ಮಾತು ನಮಗೆ ಉಳಿದು ಬಂದಿದೆ. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಆ ಕಾಗದಗಳಲ್ಲಿ ಸಾವಿನ ಭಯವಿದೆ. ಜೊತೆಗೆ ಫ್ರೆಂಚ್ ರೈತರ ಮನೆಗಳ ಬಗೆಗೆ, ಹೊಲದಲ್ಲಿ ದುಡಿಯುವ ಅಲ್ಲಿನ ಹೆಂಗಸರ ಬಗೆಗೆ, ಓದುಬರಹ ಬಲ್ಲ ಹೆಣ್ಣುಮಕ್ಕಳ ಬಗೆಗೆ ಬೆರಗೂ ಇದೆ.

ಹಳ್ಳಿಯ ಹೊರವಲಯದ ಕೂಡುರಸ್ತೆಯಲ್ಲಿ ಭಾರತೀಯ ಸ್ಮಾರಕವಿದೆ. ನವದೆಹಲಿಯ ಸಚಿವಾಲಯ ಕಟ್ಟಡಗಳನ್ನು ರೂಪಿಸಿದ ಸರ್ ಹರ್ಬರ್ಟ್ ಬೇಕರ್ ಅವರೇ ಇದರ ಶಿಲ್ಪಿ. ವೃತ್ತಾಕಾರದ ಆವರಣ, ಕೊರೆದ ಕಲ್ಲಿನ ಜಾಲಂಧ್ರಗಳು, ಛತ್ರಿಯಂಥ ಗುಮ್ಮಟಗಳು, ಸುಮಾರು 15 ಮೀಟರ್ ಎತ್ತರದ ಕಮಲಶಿರದ ಸ್ತಂಭ, ಅದರ ಎಡಬಲಕ್ಕೆ ಕಾವಲು ಕುಳಿತ ಎರಡು ಕಲ್ಲಿನ ಹುಲಿಗಳು. ಅಶೋಕಸ್ತಂಭ ಕಂಡವರಿಗೆ ಇದು ಎಲ್ಲಿಂದ ಬಂದದ್ದೆಂದು ವಿವರಿಸಬೇಕಾಗಿಲ್ಲ. ಸ್ತಂಭದ ನೆತ್ತಿಯ ಮೇಲೆ ಮಾತ್ರ ಧರ್ಮಚಕ್ರವಿಲ್ಲ, ಬ್ರಿಟಿಷ್ ಕಿರೀಟವಿದೆ. ಯಾರ ಯುದ್ಧಕ್ಕಾಗಿ ಇವರು ಸತ್ತರೆಂಬುದನ್ನು ಆ ಕಿರೀಟ ಮರೆಮಾಚುವುದಿಲ್ಲ.

1927ರ ಅಕ್ಟೋಬರ್ 7ರಂದು ನಡೆದ ಉದ್ಘಾಟನೆಗೆ ಮಾರ್ಷಲ್ ಫೋಶ್ ಬಂದಿದ್ದರು, ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಕೂಡ ಬಂದಿದ್ದರು. ಸಾಮ್ರಾಜ್ಯದ ಹಿರಿಮೆಯನ್ನು ಸಾರಿದ ಆ ಲೇಖಕರ ಒಬ್ಬನೇ ಮಗ ಇದೇ ಸೀಮೆಯ ಲೂಸ್ ಕಾಳಗದಲ್ಲಿ, 1915ರ ಸೆಪ್ಟೆಂಬರಿನಲ್ಲಿ ಕಾಣೆಯಾಗಿದ್ದ. ತಂದೆ ಬದುಕಿರುವ ತನಕ ದೇಹ ಸಿಗಲಿಲ್ಲ.

ಸ್ಮಾರಕದ ಗೋಡೆಯ ಮೇಲೆ, ಸಮಾಧಿ ಎಲ್ಲಿದೆಯೆಂದು ತಿಳಿಯದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಮತ್ತು ಕೂಲಿಯಾಳುಗಳ ಹೆಸರುಗಳಿವೆ. ಗಬರ್ ಸಿಂಗನ ಹೆಸರೂ ಅಲ್ಲಿದೆ. ದೀರ್ಘಕಾಲ ತರಗತಿಗಳಲ್ಲಿ ಹಾಜರಿ ಕೂಗಿದ ನನ್ನಂಥವನಿಗೆ ಹೆಸರಿನ ಬೆಲೆ ಗೊತ್ತು. ಹೆಸರು ಕೂಗಿದಾಗ ‘ಬಂದಿದ್ದೇನೆ’ ಎನ್ನುವ ಮಗುವಿನ ಮುಖದಲ್ಲಿ ಒಂದು ಕಳೆ ಇರುತ್ತದೆ. ಪಟ್ಟಿಯಲ್ಲಿ ತನ್ನ ಹೆಸರಿಲ್ಲದಿದ್ದರೆ ಅದೇ ಮಗು ಅಳುಮೋರೆ ಮಾಡುತ್ತದೆ.

ಇದನ್ನು ಹೇಳಲು ಕಾರಣವಿದೆ. ಫ್ರಾನ್ಸಿನಲ್ಲಿ ದೊರೆತ ಈ ಗೌರವ ಬೇರೆಡೆ ಸತ್ತ ಭಾರತೀಯರಿಗೆ ದೊರೆಯಲಿಲ್ಲ. 1915ರ ಕೊನೆಗೆ ಇಲ್ಲಿನ ಭಾರತೀಯ ಕಾಲಾಳುಪಡೆಯನ್ನು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಕಳುಹಿಸಿದರು. ಅಲ್ಲಿ ಮಡಿದವರಿಗಾಗಿ ಕಟ್ಟಿದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸಿಪಾಯಿಗಳಿಗೆ ಅವರವರ ದಳದ ಕೆಳಗೆ ‘ಇತರ ಇಷ್ಟು ಜನ’ ಎಂಬ ಅಂಕಿ ಮಾತ್ರ. ಒಂದೇ ಪಲ್ಟಣದ ಇಬ್ಬರಲ್ಲಿ ನವ್ ಶಪೆಲ್‌ನಲ್ಲಿ ಸತ್ತವನು ಹೆಸರಾದ, ಬಸ್ರಾದ ದಾರಿಯಲ್ಲಿ ಸತ್ತವನು ಸಂಖ್ಯೆಯಾದ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು 2021ರ ಏಪ್ರಿಲ್‌ನಲ್ಲಿ ಇದನ್ನು ಒಪ್ಪಿಕೊಂಡು ಕ್ಷಮೆ ಕೋರಿತು. ಏಷ್ಯಾ, ಆಫ್ರಿಕಾ ಮೂಲದ ಕನಿಷ್ಠ 1,16,000 ಜನರನ್ನು ಹೆಸರಿನಿಂದ ಸ್ಮರಿಸಿಲ್ಲ, ಪ್ರಾಯಶಃ ಸ್ಮರಿಸಿಯೇ ಇಲ್ಲ ಎಂದು ಅದರ ವರದಿ ಹೇಳುತ್ತದೆ.

ಅಲ್ಲಿಗೆ ಹೋದವರು ಸುತ್ತಮುತ್ತಲನ್ನೂ ನೋಡಿ ಬರಬೇಕು. ಸ್ಮಾರಕದ ಸಮೀಪದಲ್ಲಿಯೇ 1,831 ಪೋರ್ಚುಗೀಸ್ ಸೈನಿಕರ ಸಮಾಧಿಗಳಿವೆ. 1918ರ ಏಪ್ರಿಲ್ 9ರ ಜರ್ಮನ್ ದಾಳಿಯಲ್ಲಿ ಪೋರ್ಚುಗೀಸ್ ಪಡೆ ಇಲ್ಲಿ ನುಚ್ಚುನೂರಾಯಿತು. ಹಳ್ಳಿಯೇ ನೆಲಸಮವಾದಾಗ ಕೈಕಾಲು ಮುರಿದರೂ ಉಳಿದ ಒಂದು ಕ್ರಿಸ್ತನ ಮೂರ್ತಿಯನ್ನು 1958ರಲ್ಲಿ ಪೋರ್ಚುಗಲ್ಲಿಗೆ ಒಯ್ದರು. ಈಗ ಅದು ಬಟಾಲ್ಯ ಮಠದಲ್ಲಿ, ಅಜ್ಞಾತ ಯೋಧನ ಸಮಾಧಿಯ ಬಳಿ ಇದೆ. ಕೆಲವು ಕಿಲೋಮೀಟರ್ ಆಚೆಗೆ ಲ ತೂರೆ ಸ್ಮಾರಕದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರ ಹೆಸರುಗಳಿವೆ. ಬೆತ್ಯೂನ್ ಪಟ್ಟಣದ ನಡುವೆ 14ನೆಯ ಶತಮಾನದ ಗಂಟೆಗೋಪುರವಿದೆ. ಸುತ್ತಲಿನ ಊರು ಯುದ್ಧದಲ್ಲಿ ಹಾಳಾದರೂ ಅದು ನಿಂತು ಉಳಿಯಿತು.

ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಫ್ರಾನ್ಸಿಗೆ ಹೋಗಲಿಲ್ಲ. ಅದು ಹೋರಾಡಿದ್ದು ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ; 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಳಗಳಲ್ಲಿ ಅದೂ ಒಂದು. ಹಾಗಾಗಿ ನವ್ ಶಪೆಲ್‌ನ ಗೋಡೆಯಲ್ಲಿ ಕನ್ನಡಿಗರು ತಮ್ಮ ಊರಿನ ಹೆಸರನ್ನು ಹುಡುಕಬೇಕಾಗಿಲ್ಲ. ಯಾವ ಊರಿನದಾದರೂ ಸರಿ, ನಾಲ್ಕು ಹೆಸರುಗಳನ್ನು ಬಾಯಿಬಿಟ್ಟು ಓದಿದರೆ ಸಾಕು. ಪರರ ಯುದ್ಧದಲ್ಲಿ ಸತ್ತವರೆಂಬ ಕಾರಣಕ್ಕೆ ಸ್ವತಂತ್ರ ಭಾರತ ಬಹುಕಾಲ ಇವರ ಮಾತೆತ್ತಲಿಲ್ಲ. ಭಾರತದ ಪ್ರಧಾನಿಯೊಬ್ಬರು ಈ ಸ್ಮಾರಕಕ್ಕೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಯುದ್ಧ ಪರರದ್ದೇ ಆಗಿರಬಹುದು, ಮಕ್ಕಳು ಮಾತ್ರ ನಮ್ಮವರು. ಪ್ಯಾರಿಸ್ಸಿಗೆ ಹೋಗುವ ಓದುಗ ಮಿತ್ರರು ಒಂದು ದಿನವನ್ನು ಇದಕ್ಕಾಗಿ ಉಳಿಸಿಕೊಳ್ಳಬೇಕೆಂದು ನನ್ನ ಬಿನ್ನಹ.