ಏಳು ಇಂಚಿನ ಇತಿಹಾಸ

ಮೊನ್ನೆ ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ, ಬೆಳಗಿನ ಜಾವ ಮೂರು ಗಂಟೆಗೆ. ಈ ಅಪರಾತ್ರಿಯಲ್ಲೇ ಯಾಕೆ ಹೊರಡಬೇಕು ಅಂತ ಅಮ್ಮನ ಮೊದಲ ಪ್ರಶ್ನೆ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ವಿಮಾನ ಇಳಿಸೋ ಹಾಗಿಲ್ಲ, ಅಲ್ಲಿ ಬೆಳಗಾದ ಮೇಲೆ ಇಳಿದರೆ ಬೇರೆ ಊರಿನ ವಿಮಾನಗಳೂ ಸಿಗುತ್ತವೆ, ಅದಕ್ಕೇ ನಮ್ಮ ನಿದ್ದೆ ಹಾಳು ಅಂತ ಹೇಳಿದೆ.

ಅಮ್ಮನಿಗೆ ಮಂಡಿನೋವು. ಹತ್ತು ಗಂಟೆ ಕಾಲು ಮಡಚಿ ಕೂರೋದು ಆಗದ ಮಾತು. ಬಿಸಿನೆಸ್ ಕ್ಲಾಸಿನ ದರಕ್ಕೆ ಅಜ್ಜಂಪುರದಲ್ಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತು :-) ಹಾಗಾಗಿ ನಡುವಿನದ್ದು, ಪ್ರೀಮಿಯಂ ಎಕಾನಮಿ, ಬುಕ್ ಮಾಡಿದೆ. ಎಕಾನಮಿಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ಸಾಮಾನ್ಯವಾಗಿ 31 ಇಂಚಿನಷ್ಟು ಅಂತರ. ಇಲ್ಲಿ 38ರ ಆಸುಪಾಸು. ಜೊತೆಗೆ ಕಾಲಿಡಲು ಒಂದು ಪಟ್ಟಿ, ಸ್ವಲ್ಪ ಹೆಚ್ಚು ಹಿಂದಕ್ಕೆ ಬಾಗುವ ಸೀಟು. ನಾನು ದುಡ್ಡು ಕೊಟ್ಟದ್ದು ಈ ಏಳು ಇಂಚಿಗೆ.

ವಿಮಾನ ಮೇಲೇರಿದ ಮೇಲೆ ಪರದೆ ಎಳೆದರು. ಅಮ್ಮ ಆಚೀಚೆ ನೋಡಿ, "ಇದೇನೋ ಮಗಾ, ಮುಂದೂ ಪರದೆ, ಹಿಂದೂ ಪರದೆ? ನಾವು ಎಲ್ಲಿಯೋರು ಹಾಗಾದ್ರೆ?" ಅಂದಳು.

"ನಡುವಿನೋರು ಅಮ್ಮ."

"ಓ, ನಮ್ಮಪ್ಪ ಹೇಳ್ತಿದ್ದ ಇಂಟರ್ ಕ್ಲಾಸು!"

ನನಗೆ ನಿದ್ದೆ ಹಾರಿಹೋಯಿತು. ಇಂಟರ್ ಕ್ಲಾಸು ಅನ್ನೋ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಈ ದೇಶದ ಹಲವು ರೈಲುಗಳಲ್ಲಿ ನಾಲ್ಕು ದರ್ಜೆ ಇದ್ದವು. ಮೊದಲನೆಯದು, ಎರಡನೆಯದು, ಇಂಟರ್‌ಮೀಡಿಯೆಟ್, ಕೊನೆಗೆ ಮೂರನೆಯದು. ಎರಡನೆಯದಕ್ಕೆ ದುಡ್ಡು ಸಾಲದ, ಮೂರನೆಯದರ ನೂಕುನುಗ್ಗಲು ಬೇಡವೆನ್ನುವ ಜನಕ್ಕಾಗಿ ಈ ಇಂಟರ್. ಅಂದರೆ ನನ್ನಂಥವರಿಗೆ. ರೈಲು ಕಂಪನಿಗಳನ್ನು ಸಾಕುತ್ತಿದ್ದದ್ದು ಮಾತ್ರ ಮೂರನೇ ದರ್ಜೆಯ ಕೋಟ್ಯಂತರ ಜನ. ಅವರ ಪಾಡು ಹೇಗಿತ್ತು ಅಂತ ಗಾಂಧೀಜಿ 1917ರಲ್ಲೇ ಸ್ವಂತ ಅನುಭವದಿಂದ ಬರೆದಿದ್ದಾರೆ.

ನಮ್ಮ ಕಡೆಗೆ ರೈಲು ಬಂದದ್ದು 1889ರಲ್ಲಿ. ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಕಡೂರು, ಬೀರೂರು, ಅಜ್ಜಂಪುರ ದಾಟಿ ಹರಿಹರ ಮುಟ್ಟಿತು. ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ 1899ರಲ್ಲಿ ಕವಲು ಒಡೆಯಿತು. ಅದಕ್ಕೂ ಮೊದಲು ದೂರದ ಪ್ರಯಾಣ ಅಂದರೆ ಎತ್ತಿನ ಗಾಡಿ. ಹೈದರಾಲಿಯ ಫಿರಂಗಿ ಎಳೆದ ಅಮೃತಮಹಲ್ ತಳಿಯ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲೇ ಇದೆ. ಆ ಎತ್ತುಗಳಿಗೆ ಕ್ಲಾಸಿನ ಭೇದ ಗೊತ್ತಿರಲಿಲ್ಲ ಬಿಡಿ.

ಅಮ್ಮನ ತವರು ತರೀಕೆರೆ. ಚಿಕ್ಕವಳಿದ್ದಾಗ ತಾತನ ಜೊತೆ ಬೆಂಗಳೂರಿಗೆ ಹೋಗುವಾಗ ಬೀರೂರಲ್ಲಿ ಇಳಿದು, ಚಳಿಯಲ್ಲಿ ಕಾದು, ರಾತ್ರಿ ರೈಲು ಹತ್ತುತ್ತಿದ್ದರಂತೆ. ಮರದ ಹಲಗೆಯ ಸೀಟು. ಜಾಗ ಸಿಕ್ಕರೆ ಅಮ್ಮನನ್ನು ಅಲ್ಲಿ ಕೂರಿಸಿ, ತಾತ ಇಡೀ ರಾತ್ರಿ ಬಾಗಿಲ ಹತ್ತಿರ ನಿಂತೇ ಇರುತ್ತಿದ್ದರಂತೆ.

ಇದನ್ನೆಲ್ಲ ಹೇಳಿ, ಕಾಲು ಸಡಿಲ ಮಾಡಿಕೊಳ್ಳುತ್ತೇನೆ ಅಂತ ಅಮ್ಮ ಎದ್ದು ಹಿಂದಕ್ಕೆ ಹೋದಳು. ಅರ್ಧ ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದರೆ ಎಕಾನಮಿಯಲ್ಲಿ ಹಾವೇರಿ ಕಡೆಯ ಒಬ್ಬ ಅಜ್ಜಿಯ ಪಕ್ಕ ನಿಂತು ಮಾತಾಡುತ್ತಿದ್ದಾಳೆ. ಆ ಅಜ್ಜಿ ಮಗಳ ಬಾಣಂತನಕ್ಕೆ ಹೊರಟಿದ್ದರು. ನಡುವಿನ ಸೀಟು, ಕಾಲು ಊದಿಕೊಂಡಿತ್ತು. "ನಮ್ಮ ಕಡೆ ಎರಡು ಸೀಟು ಖಾಲಿ ಇವೆ, ಬನ್ನಿ" ಅಂತ ಅಮ್ಮ ಕರೆದಾಗಿತ್ತು. ಗಗನಸಖಿ ನಗುತ್ತಲೇ, ಹಾಗೆಲ್ಲ ಕೂರಿಸೋಕೆ ಬರಲ್ಲ ಅಂದಳು. "ಹೋಗ್ಲಿ, ನನ್ನ ಸೀಟಲ್ಲಿ ಇವ್ರು ಕೂತ್ಕೊಳ್ಳಲಿ, ನಾನಿಲ್ಲಿ ಕೂರ್ತೀನಿ" ಅಂದಳು ಅಮ್ಮ. ಅದಕ್ಕೂ ಒಪ್ಪಲಿಲ್ಲ.

ವಾಪಸ್ ಬಂದ ಅಮ್ಮ ಸುಮ್ಮನೆ ಕೂತಳು. ಆಮೇಲೆ, "ರೈಲಲ್ಲಾದ್ರೆ ಸ್ವಲ್ಪ ಸರ್ಕೊಳ್ಳಿ ಅಂದ್ರೆ ಸರ್ಕೊಳ್ತಿದ್ರು ಕಣೋ" ಅಂದಳು. ಟಿಕೆಟ್, ನಿಯಮ ಅಂತ ನಾನೇನೋ ಸಮಜಾಯಿಷಿ ಕೊಟ್ಟೆ. ನಿಜ ಹೇಳ್ತೀನಿ, ವಿಮಾನ ಹತ್ತಿದಾಗ ಹಿಂದಕ್ಕೆ ಸಾಗುತ್ತಿದ್ದ ಸಾಲನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು. ಅದು ನೆನಪಾಗಿ ನಾಚಿಕೆಯಾಯಿತು.

ಆ ಖಾಲಿ ಸೀಟುಗಳ ಗುಟ್ಟನ್ನು ಜೂಲ್ಸ್ ದ್ಯುಪ್ಯುಯಿ ಅನ್ನೋ ಫ್ರೆಂಚ್ ಇಂಜಿನಿಯರ್ 1849ರಲ್ಲೇ ಬರೆದಿಟ್ಟಿದ್ದಾನೆ. ಆಗ ಅಲ್ಲಿನ ಮೂರನೇ ದರ್ಜೆಯ ಡಬ್ಬಿಗಳಿಗೆ ಸೂರೇ ಇರುತ್ತಿರಲಿಲ್ಲ. ಸೂರು ಹಾಕಲು ಹೆಚ್ಚು ಖರ್ಚಾಗುತ್ತೆ ಅಂತಲ್ಲ. ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವನು ಮೂರನೆಯದರ ಕಡೆ ತಲೆ ಹಾಕದಿರಲಿ ಅಂತ. ಬಡವನನ್ನು ನೋಯಿಸೋದು ಕಂಪನಿಯ ಉದ್ದೇಶವಲ್ಲ, ಉಳ್ಳವನನ್ನು ಹೆದರಿಸೋದು ಅನ್ನೋದು ಅವನ ವಾದ. ಅಂದರೆ ನನ್ನ ಏಳು ಇಂಚಿಗೆ ಬೆಲೆ ಬರಬೇಕಾದರೆ ಆ ಅಜ್ಜಿಯ ಕಾಲು ಊದಲೇಬೇಕು. ವಿಮಾನದಲ್ಲೂ ಇದೇ ಕಥೆ. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ 1952ರಲ್ಲಿ ಟೂರಿಸ್ಟ್ ಕ್ಲಾಸ್ ಬಂತು, 1958ರಲ್ಲಿ ಎಕಾನಮಿ. ಮುಂದಿನ ಭಾಗ ಐಷಾರಾಮಿಯಾಗುತ್ತಾ, ಹಿಂದಿನದು ಇಕ್ಕಟ್ಟಾಗುತ್ತಾ ಹೋಯಿತು. ನಡುವಿನ ಆ ಅಂತರವನ್ನು 1990ರ ದಶಕದ ಮೊದಲಲ್ಲಿ ತೈವಾನಿನ ಈವಾ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಮಾರಾಟಕ್ಕಿಟ್ಟವು. ಏರ್ ಇಂಡಿಯಾ 2023ರಲ್ಲಿ ಶುರುಮಾಡಿತು.

ನಮ್ಮ ರೈಲಿನಲ್ಲಿ ಆದದ್ದೇ ಬೇರೆ. 1955ರಲ್ಲಿ ಹಳೆಯ ಮೊದಲ ದರ್ಜೆಯನ್ನು ತೆಗೆದು, ಎರಡನೆಯದಕ್ಕೆ ಮೊದಲನೆಯದು ಅಂತಲೂ, ಇಂಟರ್‌ಗೆ ಎರಡನೆಯದು ಅಂತಲೂ ಹೆಸರಿಟ್ಟರು. 1974ರಲ್ಲಿ ಮೂರನೇ ದರ್ಜೆಯ ಹೆಸರೂ ಹೋಯಿತು. ಬೋರ್ಡು ಬದಲಾಯಿತೇ ಹೊರತು ಕೂರುವ ಹಲಗೆ ಅದೇ. ಆ ಹಲಗೆ ಮುಟ್ಟಿದವರು 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ. ಎರಡನೇ ದರ್ಜೆಯ ಮಲಗುವ ಹಲಗೆಗೆ ಎರಡು ಇಂಚು ಫೋಮ್ ಹಾಕಿಸಿದರು. ಮೊದಲ ದರ್ಜೆಯನ್ನು ಇಳಿಸೋದು ಬೇಡ, ಎರಡನೆಯದನ್ನು ಏರಿಸೋಣ ಅನ್ನೋದು ಅವರ ನಿಲುವು. ಮುಂದಿನ ವರ್ಷಗಳಲ್ಲಿ ಅದು ದೇಶದ ರೈಲುಗಳಿಗೆಲ್ಲ ಹಬ್ಬಿತು.

ಬೆಳಗಾಗುವ ಹೊತ್ತಿಗೆ ಅಮ್ಮನಿಗೆ ಜೊಂಪು ಹತ್ತಿತ್ತು. ದೀಪ ಹಾಕಿದಾಗ ಗಾಬರಿಯಿಂದ ಎದ್ದು, "ಬೀರೂರು ಬಂತೇನೋ?" ಅಂದಳು :-)

ಅಮ್ಮನ ವಾಪಸ್ ಪ್ರಯಾಣಕ್ಕೂ ಅದೇ ನಡುವಿನ ಸೀಟೇ ಬುಕ್ ಮಾಡಿದ್ದೀನಿ. ಮಂಡಿನೋವಿಗೆ ಇತಿಹಾಸ ಹೇಳಿದರೆ ಕೇಳುತ್ತಾ? ಆದರೆ ಮುಂದಿನ ಸಲ ಊರಿಗೆ ಹೋಗುವಾಗ, ಕಡೂರು ದಾಟುವ ಹೊತ್ತಿಗೆ, ಸ್ಲೀಪರ್ ಬರ್ತನ್ನು ಒಮ್ಮೆ ಹೆಬ್ಬೆರಳಲ್ಲಿ ಒತ್ತಿ ನೋಡಬೇಕು ಅಂದುಕೊಂಡಿದ್ದೀನಿ. ಅದಕ್ಕೆ ಯಾರೂ ಹೆಚ್ಚಿನ ದುಡ್ಡು ಕೊಟ್ಟಿಲ್ಲ, ಅದರ ಸುತ್ತ ಪರದೆಯೂ ಇಲ್ಲ.