ವಲಸೆ ಬಂದ ಗಾರೆಯವನ ಗೋಪುರಗಳು

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅಸ್ತಿಭಾರದ ಕಲ್ಲನ್ನು ಎಲ್ಲರೂ ಮತ್ತೊಮ್ಮೆ ಓದುವುದುಂಟು. ಅಂಥ ಕಲ್ಲುಗಳಲ್ಲಿ ಧರ್ಮಾಧ್ಯಕ್ಷರ ಹೆಸರಿರುತ್ತದೆ, ಗುರುಗಳ ಹೆಸರಿರುತ್ತದೆ. ಕಲ್ಲು ಕಡಿದವನ, ಗಾರೆ ಕಲಸಿದವನ ಹೆಸರಿರುವುದು ಅಪರೂಪ. ಹೆಬ್ಬಾಳದಲ್ಲಿ ದೊರೆತ 8ನೆಯ ಶತಮಾನದ ಶಾಸನವು ಕಿಟ್ಟಯ್ಯನೆಂಬ ವೀರನ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಆದರೆ ಯಲಹಂಕ, ದೇವನಹಳ್ಳಿ ಸೀಮೆಯ ಬಂಡೆಗಳನ್ನು ಸೀಳಿದ ಕಲ್ಲುಕುಟಿಗರನ್ನು ಹೆಸರಿಡಿದು ಸ್ಮರಿಸುವವರಾರು? ಈ ಕಾರಣದಿಂದ, ಪರದೇಶಕ್ಕೆ ವಲಸೆ ಹೋದ ಒಬ್ಬ ಗಾರೆಕೆಲಸದವನ ಚರಿತ್ರೆಯನ್ನು ಭಕ್ತಾದಿಗಳ ಮುಂದಿಡಬಯಸುತ್ತೇವೆ.

ಸಬಾತೊ ರೊಡಿಯಾ ಹುಟ್ಟಿದ್ದು 1879ರಲ್ಲಿ, ಇಟಲಿಯ ನೇಪಲ್ಸಿಗೆ ಪೂರ್ವದಲ್ಲಿರುವ ಸೆರಿನೊ ಎಂಬ ಊರಿನ ಬಡ ಕುಟುಂಬದಲ್ಲಿ. ಹದಿಹರೆಯದಲ್ಲಿಯೇ ಅಮೆರಿಕೆಗೆ ಹೋಗಿ ಕೂಲಿನಾಲಿ ಮಾಡಿ ಬದುಕಿದನು. 1921ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ರೈಲುಹಾದಿಯ ಮಗ್ಗುಲಿನ ಮೂರು ಮೂಲೆಯ ನಿವೇಶನವೊಂದನ್ನು ಕೊಂಡು, ತನ್ನ ಮನೆಯ ಸುತ್ತ ಗೋಪುರಗಳನ್ನೆಬ್ಬಿಸತೊಡಗಿದನು. ಕಬ್ಬಿಣದ ಸರಳುಗಳನ್ನು ಬಗ್ಗಿಸಿ, ತಂತಿಯ ಬಲೆ ಸುತ್ತಿ, ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ಒಡೆದ ಪಿಂಗಾಣಿ, ಕಪ್ಪೆಚಿಪ್ಪು, ಬಾಟಲಿಯ ಗಾಜುಗಳನ್ನು ಕೂರಿಸಿದನು. ಸಾರುವೆಯಿಲ್ಲ, ಸಹಾಯಕರಿಲ್ಲ, ಹಗಲೆಲ್ಲ ಕೂಲಿ, ಉಳಿದ ವೇಳೆಯಲ್ಲಿ ಈ ಕಾಯಕ. ಹೀಗೆ 33 ವರ್ಷ ದುಡಿದು ಕಟ್ಟಿದ ಗೋಪುರಗಳಲ್ಲಿ ಅತ್ಯುನ್ನತವಾದುದು ಸುಮಾರು 99 ಅಡಿ. ಅದಕ್ಕೆ ಅವನಿತ್ತ ಸ್ಪ್ಯಾನಿಷ್ ಹೆಸರಿನ ಅರ್ಥ 'ನಮ್ಮ ಊರು' ಎಂದು.

ಅವನ ಹುಟ್ಟೂರಿಗೆ ದೂರವಲ್ಲದ ನೋಲ ಪಟ್ಟಣದಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಸಂತ ಪೌಲಿನೂಸರ ಹಬ್ಬದಂದು ಎಂಟು ಎತ್ತರದ ಮರದ ಗೋಪುರಗಳನ್ನೂ ಒಂದು ನಾವೆಯನ್ನೂ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ವಿಧವೆಯೊಬ್ಬಳ ಮಗನ ಬಿಡುಗಡೆಗಾಗಿ ಆ ಧರ್ಮಾಧ್ಯಕ್ಷರು ತಾವೇ ಸೆರೆಯಾಗಿ ಪರದೇಶಕ್ಕೆ ಹೋಗಿ ಮರಳಿದರೆಂಬುದು ಪರಂಪರೆ. ರೊಡಿಯಾ ಕಟ್ಟಿದ್ದರಲ್ಲಿಯೂ ಗೋಪುರಗಳ ನಡುವೆ ಒಂದು ನಾವೆಯಿದೆ. ಬಾಲ್ಯದ ಹಬ್ಬವೇ ಗಾರೆಯಲ್ಲಿ ಮರುಹುಟ್ಟಿತೆಂದು ವಿದ್ವಾಂಸರು ಊಹಿಸಿದ್ದಾರೆ. ನಮಗೂ ಹಾಗೆಯೇ ತೋರುತ್ತದೆ.

ನೆರೆಹೊರೆಯ ಕೆಲವರು ಅವನನ್ನು ಹುಚ್ಚನೆಂದರು. 1954ರ ಸುಮಾರಿಗೆ ಅವನು ಎಲ್ಲವನ್ನೂ ನೆರೆಯವನಿಗೊಪ್ಪಿಸಿ ಊರು ಬಿಟ್ಟನು. ಮುಂದೆ ಮನೆಗೆ ಬೆಂಕಿ ಬಿತ್ತು. ಗೋಪುರಗಳು ಅಪಾಯಕಾರಿ, ಕೆಡವಬೇಕೆಂದು ನಗರಾಡಳಿತ ಆಜ್ಞೆ ಮಾಡಿತು. ಅಭಿಮಾನಿಗಳು ಪರೀಕ್ಷೆ ಬೇಡಿದರು. 1959ರ ಅಕ್ಟೋಬರ್ 10ರಂದು 10,000 ಪೌಂಡುಗಳ ಬಲದಿಂದ ಎಳೆದರೂ ಗೋಪುರ ಉರುಳಲಿಲ್ಲ. ರೊಡಿಯಾ 1965ರಲ್ಲಿ ತೀರಿಕೊಂಡನು. 1990ರಲ್ಲಿ ಅಮೆರಿಕ ಸರಕಾರ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

ಇಂದು ಬೆಂಗಳೂರಿನ ಉತ್ತರ ಭಾಗದ ಮಹಡಿಗಳನ್ನು ಕಟ್ಟುತ್ತಿರುವವರಲ್ಲಿ ರಾಯಚೂರು, ಯಾದಗಿರಿ ಕಡೆಯವರಿದ್ದಾರೆ. ಒಡಿಶಾ, ಜಾರ್ಖಂಡಿನಿಂದ ಬಂದ ಕಥೋಲಿಕ ಸಹೋದರರೂ ಇದ್ದಾರೆ. ಭಾನುವಾರದ ಬಲಿಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುವ ಅಂಥವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬಡಗಿಯ ಮನೆಯಲ್ಲಿ ಬೆಳೆದ ಯೇಸುಸ್ವಾಮಿಯನ್ನು ಆರಾಧಿಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಪರವೂರಿನಿಂದ ಬಂದವನು ತಾನು ಕಟ್ಟಿದ್ದನ್ನು 'ನಮ್ಮ ಊರು' ಎಂದು ಕರೆಯಬಲ್ಲನಾದರೆ, ಅವನನ್ನು ನಮ್ಮವನೆಂದು ಕರೆಯುವ ಹೊಣೆ ನಮ್ಮದು. ಎರಡನೆಯ ಶತಮಾನಕ್ಕೆ ಕಾಲಿಡುವ ಯಾವ ಧರ್ಮಕೇಂದ್ರವೂ ಈ ಹೊಣೆಯಿಂದಲೇ ತನ್ನ ಕೆಲಸ ಆರಂಭಿಸಲೆಂದು ಪ್ರಾರ್ಥಿಸುತ್ತೇವೆ.