ಮುರಿದ ಕುರ್ಚಿ
ಜಿನೀವಾ, ಸ್ವಿಟ್ಜರ್ಲೆಂಡ್. 1997. ಮರ, ಎತ್ತರ 12 ಮೀಟರ್

ಶಿಲ್ಪಿ ಡೇನಿಯಲ್ ಬರ್ಸೆ ರೂಪಿಸಿದ ಈ ಕುರ್ಚಿಯನ್ನು ಬಡಗಿ ಲೂಯಿ ಜಿನೀವ್ ಸುಮಾರು 5.5 ಟನ್ ಮರದಲ್ಲಿ ಕಟ್ಟಿದರು. ಹ್ಯಾಂಡಿಕ್ಯಾಪ್ ಇಂಟರ್‌ನ್ಯಾಷನಲ್ ಸಂಸ್ಥೆ ಇದನ್ನು ವಿಶ್ವಸಂಸ್ಥೆಯ ಕಚೇರಿಯ ಎದುರಿಗೇ ನಿಲ್ಲಿಸಿತು. ಒಳಗೆ ಹೋಗುವ ರಾಯಭಾರಿಗಳ ಕಣ್ಣಿಗೆ ಬೀಳಲೆಂದೇ.

ಮುರಿದ ಕಾಲಿನ ತುದಿಯನ್ನು ನೋಡಿ. ಗರಗಸದಿಂದ ಕೊಯ್ದ ನಯ ಅಲ್ಲಿಲ್ಲ, ಮರ ಸಿಡಿದು ಸೀಳುಸೀಳಾಗಿದೆ. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಹೊಲಕ್ಕೆ ಹೋದ ರೈತನ, ಆಡಲು ಹೋದ ಮಗುವಿನ ಕಾಲನ್ನು ನೆಲಬಾಂಬ್ ಕಸಿಯುವುದು ಹೀಗೆಯೇ.

ಈ ಕುರ್ಚಿ ರಾಯಭಾರಿಗಳನ್ನು ಕೇಳಿದ್ದು ನೆಲಬಾಂಬ್ ನಿಷೇಧವನ್ನೇ. ಅದನ್ನು ನಿಷೇಧಿಸುವ ಒಟ್ಟಾವ ಒಪ್ಪಂದಕ್ಕೆ 1997ರ ಡಿಸೆಂಬರಿನಲ್ಲಿ ಸಹಿ ಬಿತ್ತು. 1999ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ಕೆಲವೇ ತಿಂಗಳಿಗೆಂದು ನಿಲ್ಲಿಸಿದ್ದ ಕುರ್ಚಿಯನ್ನು ಚೌಕದ ನವೀಕರಣಕ್ಕಾಗಿ ತೆಗೆದು, 2007ರಲ್ಲಿ ಮತ್ತೆ ಇಲ್ಲಿಯೇ ನಿಲ್ಲಿಸಲಾಯಿತು.